ಕಂಡ ಒಬ್ಬರ ಬಗ್ಗೆ

ನಮ್ಮ ಇಂಗ್ಲಿಷ್ ಮೇಷ್ಟ್ರ ಕನ್ನಡಕದ ಒಂದು ಕಾಲಿಗೆ ಸದಾ ಕೆಂಪು ಉಣ್ಣೆಯ ದಾರ ಸುತ್ತಿರುತ್ತಿತ್ತು. ಚಳಿಗಾಲದಲ್ಲಿ ಊರೂರು ಅಲೆದು ಸ್ವೆಟರ್ ಮಾರುತ್ತಿದ್ದರು. ಉಳಿದ ತಿಂಗಳು ಕುಶಾಲನಗರದ ಬಾಡಿಗೆ ಕೋಣೆಯಲ್ಲಿ ನಮಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದರು. ನಾವೆಲ್ಲ ಅವರನ್ನು ಟಿಬೆಟಿನವರು ಎನ್ನುತ್ತಿದ್ದೆವು. ಆದರೆ ಹುಟ್ಟಿದ್ದು ಹೊಳೆಯಾಚೆಯ ಟಿಬೆಟನ್ ನಿರಾಶ್ರಿತರ ಕ್ಯಾಂಪಿನಲ್ಲಿ. ಟಿಬೆಟನ್ನು ಅವರು ಕಂಡವರೇ ಅಲ್ಲ.

ಇಂಗ್ಲಿಷ್ ತಪ್ಪಾದರೆ ನಗುತ್ತಿದ್ದರು. ದೇಶ, ಜಾತಿ ಹಿಡಿದು ಮಾತಾಡಿದರೆ ಮಾತ್ರ ಮುಖ ಗಂಟಿಕ್ಕಿಕೊಳ್ಳುತ್ತಿದ್ದರು. ಒಮ್ಮೆ ಅವರನ್ನು ಮೆಚ್ಚಿಸೋಣವೆಂದು, ಚೀನಾದವರೆಲ್ಲ ಕ್ರೂರಿಗಳು ಎಂದು ಇಂಗ್ಲಿಷಿನಲ್ಲಿ ಹೇಳಿ, ಶಭಾಷ್‌ಗಾಗಿ ಕಾದೆ.

"ಎಷ್ಟು ಜನ ಚೀನಾದವರನ್ನ ನೋಡಿದ್ದೀಯಮ್ಮ?" ಎಂದರು ಕನ್ನಡದಲ್ಲಿ.

"ಯಾರನ್ನೂ ಇಲ್ಲ ಸರ್."

"ನಾನೂ ನೋಡಿಲ್ಲ. ನಮ್ಮಪ್ಪ ನೋಡಿದ್ರು. ಮನೆ ಸುಟ್ಟವರೂ ಚೀನಾದವರೇ. ಓಡಿ ಬರೋವಾಗ ಹಿಟ್ಟು ಕೊಟ್ಟು ಕಳಿಸಿದವನೂ ಚೀನಾದವನೇ. ನೀನು ಕಂಡ ಒಬ್ಬರ ಬಗ್ಗೆ ಹೇಳು."

ನಮ್ಮ ಮನೆಯಲ್ಲಿ ಸದಾ ಬೈಸಿಕೊಳ್ಳುತ್ತಿದ್ದ ಮೀನು ಮಾರುವ ಮಲಯಾಳಿ ಕಾಕನ ಬಗ್ಗೆ ತಡವರಿಸುತ್ತ ಹೇಳಿದೆ. ಅಜ್ಜಿ ರಸ್ತೆಯಲ್ಲಿ ಬಿದ್ದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದು ಅವನೇ. ಅದನ್ನು ನಾನು ಅದುವರೆಗೆ ಯಾರಿಗೂ, ಕನ್ನಡದಲ್ಲೂ, ಹೇಳಿರಲಿಲ್ಲ.

ಆಮೇಲೆ ಕೊರೋನಾ ಬಂತು. ಬಸ್ಸಿನಲ್ಲಿ ಮೇಷ್ಟ್ರ ಪಕ್ಕ ಕೂತಿದ್ದವನು ಎದ್ದು, "ಏ ಚೀನಾ, ನಿಮ್ಮೂರಿಗೆ ಹೋಗೋ" ಎಂದನಂತೆ. "ಇದೇ ನಮ್ಮೂರು ಕಣಣ್ಣ" ಎಂದು ಮೇಷ್ಟ್ರು ಹೇಳಿದ್ದಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತಂತೆ. ಶಾಲೆಗಳು ತೆರೆದ ಮೇಲೂ ಅವರ ಪಾಠಕ್ಕೆ ಯಾರೂ ಮಕ್ಕಳನ್ನು ಕಳಿಸಲಿಲ್ಲ. ನಾನು ನೋಡಲು ಹೋದಾಗ ಬೆಂಚುಗಳು ಗೋಡೆಗೆ ಒರಗಿದ್ದವು.

"ಈ ಊರಿನವರೆಲ್ಲ ಕಟುಕರು ಸರ್" ಎಂದೆ, ಸಿಟ್ಟು ತಡೆಯಲಾರದೆ.

"ಒಬ್ಬರ ಬಗ್ಗೆ ಹೇಳು" ಎಂದರು. ದನಿಯಲ್ಲಿ ಮಾತ್ರ ಮೊದಲಿನ ಕಸುವು ಇರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹೋದ ಮಳೆಗಾಲದಲ್ಲಿ ಮೇಷ್ಟ್ರು ಕಾಮಾಲೆಯಾಗಿ ತೀರಿಕೊಂಡರು. ಮರುದಿನ ಹಾಲಿನ ಅಂಗಡಿಯವನು, "ಆ ಚೀನಾದವ ಹೋಗ್ಬಿಟ್ನಂತೆ, ಪಾಪ" ಎಂದ. ನನಗೆ ಅಳುವೇ ಬಂತು.

"ನೀವು ದಿನಾ ನೋಡಿದವರಲ್ವಾ ಅಣ್ಣ, ಅವರ ಬಗ್ಗೆ ಏನಾದ್ರೂ ಹೇಳಿ" ಎಂದೆ.

ಅವನು ಪ್ಯಾಕೆಟ್ ಹಿಡಿದುಕೊಂಡೇ ನಿಂತ. "ಬೆಳಗಾದ್ರೆ ಮೊದಲ ಗಿರಾಕಿ ಅವರೇ. ನಮ್ಮ ಮಗೂಗೆ ಟೋಪಿ ಹೆಣೆದು ಕೊಟ್ಟಿದ್ರು." ಪ್ಯಾಕೆಟ್ ನನ್ನ ಕೈಗಿಡುತ್ತ, "ಹೆಸರೇ ಕೇಳ್ಲಿಲ್ಲ ನೋಡಿ" ಎಂದ.

ಹೆಸರು ಹೇಳಿದೆ. ತಡವರಿಸಿ ತಡವರಿಸಿ ಕೊನೆಗೆ ಸರಿಯಾಗಿ ಹೇಳಿದ. ಓಗೊಡಲು ಮೇಷ್ಟ್ರು ಇರಲಿಲ್ಲ.