ಒಂದು ಪಂಕ್ತಿಗೆ ಎಷ್ಟು ಜನ

ಬೆಳ್ಮಣ್ಣಿನ ಅಕ್ಷಿತಾಳಿಗೆ ನಗು ಬಂದರೆ ತಡೆದುಕೊಳ್ಳಲು ಬರುವುದಿಲ್ಲ. ಕಾರ್ಕಳದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಮೊದಲ ಸಂದರ್ಶನಕ್ಕೆ ಹೋದಾಗ ಎದುರು ಕುಳಿತಿದ್ದ ಹಿರಿಯ ಎಂಜಿನಿಯರರು ಬಹಳ ಗಂಭೀರವಾಗಿ ಪ್ರಶ್ನೆ ಕೇಳುತ್ತ, ಬಿಸ್ಕತ್ತು ಎಂದುಕೊಂಡು ಪೆನ್ನಿನ ಮುಚ್ಚಳವನ್ನು ಚಹಾದಲ್ಲಿ ಅದ್ದಿದರು. ಅವಳು ನಕ್ಕುಬಿಟ್ಟಳು. ಆ ಕೆಲಸ ಸಿಗಲಿಲ್ಲ. ಮಣಿಪಾಲದ ಆರ್ಕಿಟೆಕ್ಟ್ ಡೈನಾ ಅವರ ಕಚೇರಿಗೆ ಹೋದಾಗ, ಹಿಂದಿನ ಸಂದರ್ಶನ ಏನಾಯಿತು ಎಂದು ಅವರು ವಿಚಾರಿಸಿದರು. ಅಕ್ಷಿತಾ ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು, ಹೇಳುತ್ತ ಹೇಳುತ್ತ ಮತ್ತೆ ನಕ್ಕಳು. ಡೈನಾ ಕೂಡ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕು, ಸೋಮವಾರದಿಂದ ಬಾ ಎಂದರು.

ಅಂದಿನಿಂದ ಅವಳು ಅಲ್ಲಿಯೇ ಇದ್ದಾಳೆ. ತಾಯಿ ಕುಶಲಾ ಬೆಳ್ಮಣ್ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವರು. ಮಗಳ ಕೆಲಸವೂ ಹೆಚ್ಚು ಕಡಿಮೆ ತನ್ನಂಥದೇ, ಬಟ್ಟೆಯ ಬದಲು ಗೋಡೆ ಕತ್ತರಿಸುವುದು ಎಂದು ಅವರು ಗಿರಾಕಿಗಳಿಗೆ ಹೇಳುವುದುಂಟು. ಅದು ಅಷ್ಟೇನೂ ತಪ್ಪಲ್ಲ. ಬೆಳಿಗ್ಗೆ ಬಸ್ಸು ಹಿಡಿದು ಮಣಿಪಾಲಕ್ಕೆ ಹೋಗಿ, ಕಂಪ್ಯೂಟರಿನ ಪರದೆಯ ಮೇಲೆ ಮನೆ, ಅಂಗಡಿ, ಶಾಲೆಗಳ ಗೋಡೆ ಎಬ್ಬಿಸಿ, ಸಂಜೆ ಅದೇ ಬಸ್ಸಿನಲ್ಲಿ ಪರಿಚಯದವರೊಂದಿಗೆ ಹರಟುತ್ತ ಮನೆಗೆ ಬರುವುದು ಅವಳ ದಿನಚರಿ.

ಅವಳು ಬಳಸುವ ತಂತ್ರಾಂಶದಲ್ಲಿ ಒಂದು ಕೋಣೆ ಬರೆದರೆ ಅದರ ನಡುವೆ ಪುಟ್ಟ ಚೀಟಿಯಂಥದೊಂದನ್ನು ಅಂಟಿಸಬಹುದು. ಅದಕ್ಕೆ ಟ್ಯಾಗ್ ಎನ್ನುತ್ತಾರೆ. ಕೋಣೆಯ ಹೆಸರು, ವಿಸ್ತೀರ್ಣ ಅದರಲ್ಲಿ ಕಾಣುತ್ತವೆ. ಗೋಡೆಯನ್ನು ಅತ್ತ ಸರಿಸಿದರೆ ವಿಸ್ತೀರ್ಣ ತಾನಾಗಿ ಬದಲಾಗುತ್ತದೆ, ಏಕೆಂದರೆ ಕೋಣೆ ಎಷ್ಟು ದೊಡ್ಡದೆಂದು ತಂತ್ರಾಂಶಕ್ಕೆ ಗೊತ್ತು. ಆ ಕೋಣೆಯಲ್ಲಿ ಎಷ್ಟು ಜನ ಕೂರಬಹುದು ಎಂಬುದು ಮಾತ್ರ ಅದಕ್ಕೆ ಗೊತ್ತಿಲ್ಲ. ಅಂಥದ್ದು ಬೇಕಾದಾಗ ಅಕ್ಷಿತಾ ಕ್ಯಾಲ್ಕುಲೇಟರಿನಲ್ಲಿ ಲೆಕ್ಕ ಹಾಕಿ, ಬಂದ ಸಂಖ್ಯೆಯನ್ನು ಟ್ಯಾಗಿನ ಕೆಳಸಾಲಿನಲ್ಲಿ ತಾನೇ ಟೈಪ್ ಮಾಡುತ್ತಿದ್ದಳು. ಕಚೇರಿಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

ಹೀಗಿರುವಾಗ ಬಜಗೋಳಿಯಲ್ಲಿ ಊರವರೆಲ್ಲ ಸೇರಿ ಒಂದು ಸಭಾಭವನ ಕಟ್ಟಿಸಲು ಹೊರಟರು. ನಕ್ಷೆಯ ಕೆಲಸ ಡೈನಾ ಅವರಿಗೆ ಬಂತು, ಅವರು ಅಕ್ಷಿತಾಳಿಗೆ ಒಪ್ಪಿಸಿದರು. ಸಮಿತಿಯ ಅಧ್ಯಕ್ಷರು ಸುಂದರ, ಬಹಳ ಕಾಲ ಮಸ್ಕತ್‌ನಲ್ಲಿ ದುಡಿದು ಊರಿಗೆ ಮರಳಿದವರು, ನಾಟಕವೆಂದರೆ ಜೀವ ಬಿಡುವವರು. ಅವರಿಗೆ ವೇದಿಕೆ ದೊಡ್ಡದಿರಬೇಕು. ಸಮಿತಿಯಲ್ಲಿ ಗಟ್ಟಿ ದನಿಯ ಇನ್ನೊಬ್ಬರೆಂದರೆ ರಘುಪತಿ ಭಟ್ಟರು. ಕಾರ್ಕಳದಿಂದ ಕಾಪುವಿನವರೆಗೆ ಮದುವೆ ಮುಂಜಿಗಳ ಅಡುಗೆ ವಹಿಸಿಕೊಳ್ಳುವವರು. ಅವರಿಗೆ ಊಟದ ಹಾಲ್ ದೊಡ್ಡದಿರಬೇಕು. ಜಾಗ ಇದ್ದದ್ದು ಇಷ್ಟೇ. ವೇದಿಕೆಯ ಹಿಂದಿನ ಗೋಡೆಯ ಆಚೆಗೇ ಊಟದ ಹಾಲ್ ಆದ್ದರಿಂದ, ಇಡೀ ಜಗಳ ಆ ಒಂದು ಗೋಡೆಯ ಮೇಲೆ ನಿಂತಿತ್ತು.

ತಿಂಗಳುಗಟ್ಟಲೆ ಆ ಗೋಡೆ ಓಡಾಡಿತು. ಸುಂದರಣ್ಣ ಫೋನ್ ಮಾಡಿದರೆ ಹಿಂದಕ್ಕೆ, ಭಟ್ಟರು ಮಾಡಿದರೆ ಮುಂದಕ್ಕೆ. ಸುಂದರಣ್ಣ ಹೆಚ್ಚು ಸಲ ಫೋನ್ ಮಾಡುತ್ತಿದ್ದರು.

ಒಂದು ಭಾನುವಾರ ಬಜಗೋಳಿಯ ಶಾಲೆಯಲ್ಲಿ ಸಮಿತಿ ಸೇರಿತು. ಡೈನಾ ಮತ್ತು ಅಕ್ಷಿತಾ ಲ್ಯಾಪ್‌ಟಾಪನ್ನು ಅಲ್ಲಿಯ ದೊಡ್ಡ ಟಿವಿಗೆ ಜೋಡಿಸಿ ನಕ್ಷೆ ತೋರಿಸಿದರು. ಮನೆಯಲ್ಲಿ ತುಳು ಆಡುವವರೂ ಮೀಟಿಂಗಿಗೆ ಕುಳಿತರೆ ಕನ್ನಡಕ್ಕೆ ತಿರುಗುವುದು ಅಲ್ಲಿಯ ರೂಢಿ. ಸುಂದರಣ್ಣ ಅಚ್ಚ ಕನ್ನಡದಲ್ಲಿ, ಗೋಡೆಯನ್ನು ಇನ್ನು ಸ್ವಲ್ಪ ಹಿಂದೆ ತಳ್ಳಿ ತೋರಿಸಬೇಕೆಂದು ವಿನಂತಿಸಿಕೊಂಡರು. ಅವಳು ತಳ್ಳಿದಳು. ಊಟದ ಹಾಲಿನ ವಿಸ್ತೀರ್ಣ ಕೆಳಗಿಳಿಯಿತು. ಅದರ ಕೆಳಗಿನ ಸಾಲಿನಲ್ಲಿ ‘ಒಂದು ಪಂಕ್ತಿಗೆ ಮುನ್ನೂರಿಪ್ಪತ್ತು ಜನ’ ಎಂದಿದ್ದದ್ದು ಹಾಗೆಯೇ ಇತ್ತು.

ಸುಂದರಣ್ಣನ ಮುಖ ಅರಳಿತು. ವೇದಿಕೆ ದೊಡ್ಡದಾದರೂ ಊಟಕ್ಕೆ ಕೂರುವವರು ಒಬ್ಬರೂ ಕಡಿಮೆಯಾಗಲಿಲ್ಲ, ಇನ್ನು ಚರ್ಚೆಯೇ ಬೇಡ ಎಂದರು. ಭಟ್ಟರೂ ಟಿವಿಯನ್ನು ನೋಡಿ, ಹಾಗಾದರೆ ತನ್ನ ಆಕ್ಷೇಪವಿಲ್ಲ ಎಂದುಬಿಟ್ಟರು. ಸುತ್ತಲೂ ತಲೆಗಳು ಅಲ್ಲಾಡಿದವು.

ಅಕ್ಷಿತಾಳ ಕೈ ಮೌಸ್ ಮೇಲೆಯೇ ನಿಂತಿತು. ಆ ಮುನ್ನೂರಿಪ್ಪತ್ತನ್ನು ಅವಳು ಟೈಪ್ ಮಾಡಿದ್ದು ಮೊಟ್ಟಮೊದಲ ನಕ್ಷೆ ಬರೆದಾಗ. ಆಮೇಲೆ ಗೋಡೆ ಎಷ್ಟೋ ಸಲ ಸರಿದಿತ್ತು, ಸಂಖ್ಯೆ ಮಾತ್ರ ಅಲ್ಲೇ ಕುಳಿತಿತ್ತು. ಸುಮ್ಮನಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಭವನ ಕಟ್ಟಿದ ಮೇಲೆ ಯಾರದೋ ಮದುವೆಯ ದಿನ ಊಟಕ್ಕೆ ಬಂದವರು ಬಾಗಿಲಲ್ಲಿ ನಿಂತಿರುವುದು ಅವಳ ಕಣ್ಣೆದುರು ಬಂತು.

“ಸುಂದರಣ್ಣ, ಆ ಸಂಖ್ಯೆ ಸರಿ ಇಲ್ಲ,” ಎಂದಳು. “ಅದು ನಾನು ಕೈಯಲ್ಲಿ ಟೈಪ್ ಮಾಡಿದ್ದು. ಗೋಡೆ ಎಲ್ಲಿಗೆ ಹೋದ್ರೂ ಅದು ಹಾಗೇ ಇರ್ತದೆ.”

ಸುಂದರಣ್ಣ ಟಿವಿಯ ಕಡೆಗೆ ಬೆರಳು ತೋರಿಸಿದರು. “ಹಾಗಾದ್ರೆ ಸರಿಯಾದದ್ದು ಎಷ್ಟು?”

“ಈಗ ಗೊತ್ತಿಲ್ಲ.”

ಮುಂದೆ ನಡೆದದ್ದು ಮೀಟಿಂಗ್ ಅಲ್ಲ, ಗದ್ದಲ. ಭಟ್ಟರು ಆಗಷ್ಟೇ ಬಿಟ್ಟುಕೊಟ್ಟಿದ್ದ ಆಕ್ಷೇಪವನ್ನು ಮತ್ತೆ ಎತ್ತಿದರು. ಸುಂದರಣ್ಣ, ಇಷ್ಟು ದಿನ ನಮಗೆ ತೋರಿಸಿದ್ದೆಲ್ಲ ಸುಳ್ಳೇ ಎಂದು ತುಳುವಿನಲ್ಲಿಯೇ ಕೇಳಿದರು. ಡೈನಾ ಎದ್ದು ನಿಂತು, ತಪ್ಪು ಕಚೇರಿಯದು, ಮುಂದಿನ ಸಲ ಸರಿಪಡಿಸಿ ತರುತ್ತೇವೆ ಎಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿಸಿದರು. ಕಾರಿನಲ್ಲಿ ಬರುವಾಗ ಅವರು ಗದರಲಿಲ್ಲ. ತಾನೂ ನೋಡಬೇಕಿತ್ತು ಎಂದರು. ಇನ್ನು ಮುಂದೆ ಯಾರೂ ಟೈಪ್ ಮಾಡುವ ಅಗತ್ಯವೇ ಬೀಳದ ಹಾಗೆ ಏನಾದರೂ ದಾರಿ ಹುಡುಕು ಎಂದೂ ಹೇಳಿದರು.

ಮನೆಗೆ ಬಂದ ಮಗಳ ಮುಖ ನೋಡಿ ಕುಶಲಾ ವಿಷಯ ಕೇಳಿ ತಿಳಿದರು. “ನಾನು ಎಷ್ಟು ರವಿಕೆ ಬಿಚ್ಚಿ ಹೊಲಿದಿಲ್ಲ? ಬಿಚ್ಚಿ ಹೊಲಿ, ಅಷ್ಟೇ,” ಎಂದು ಹೇಳಿ ಬಂಗುಡೆ ಮೀನಿನ ಸಾರು ಬಡಿಸಿದರು. ಅವಳಿಗೆ ಹಸಿವು ಇತ್ತೆಂಬುದು ಆಗ ಗೊತ್ತಾಯಿತು.

ಬಿಚ್ಚಿ ಹೊಲಿಯುವುದು ಸುಲಭವಾಗಲಿಲ್ಲ. ತಂತ್ರಾಂಶದ ಪಟ್ಟಿಗಳಲ್ಲಿ ಲೆಕ್ಕ ಮಾಡಿಸಬಹುದಿತ್ತು, ಆದರೆ ಅಲ್ಲಿ ಬಂದ ಉತ್ತರ ನಕ್ಷೆಯ ಮೇಲಿನ ಟ್ಯಾಗಿಗೆ ಇಳಿಯುತ್ತಿರಲಿಲ್ಲ. ಕೆಲವು ದಿನ ತಡಕಾಡಿದ ಮೇಲೆ ಅವಳು ಟ್ಯಾಗನ್ನೇ ಬಿಡಿಸಿ ಒಳಗೆ ನೋಡಿದಳು. ಅದರ ಅಕ್ಷರಗಳನ್ನು ಜೋಡಿಸುವ ಜಾಗದಲ್ಲಿಯೇ ಒಂದು ಸೂತ್ರ ಬರೆಯುವ ಅನುಕೂಲವಿತ್ತು. ಇಷ್ಟು ವರ್ಷ ಅದರ ಪಕ್ಕದ ಬಟನ್ ಒತ್ತುತ್ತಲೇ ಇದ್ದಳು!

ಮೊದಲ ಸೂತ್ರವನ್ನು ತಂತ್ರಾಂಶ ಒಪ್ಪಲಿಲ್ಲ. ಅಳತೆಗಳು ಹೊಂದುವುದಿಲ್ಲ ಎಂದಿತು. ಯೋಚಿಸಿದಾಗ ಅದು ಹೇಳುವುದು ನ್ಯಾಯವೆನಿಸಿತು. ಜಾಗವನ್ನು ಬರಿಯ ಅಂಕಿಯಿಂದ ಭಾಗಿಸಿದರೆ ಸಿಗುವುದು ಸಣ್ಣ ಜಾಗವೇ ಹೊರತು ಜನರಲ್ಲ. ಹಾಲಿನ ಜಾಗವನ್ನು ಒಬ್ಬನಿಗೆ ಬೇಕಾದ ಜಾಗದಿಂದ ಭಾಗಿಸಿದರೆ ಮಾತ್ರ ಎಷ್ಟು ಜನ ಎಂಬುದು ಬರುತ್ತದೆ. ಹಾಗೆ ಬರೆದಳು. ಆದರೆ ಒಬ್ಬನ ಜಾಗವನ್ನು ಮೀಟರಿನ ಬದಲು ಸೆಂಟಿಮೀಟರಿನಲ್ಲಿ ಕೊಟ್ಟುಬಿಟ್ಟಿದ್ದರಿಂದ, ಬಜಗೋಳಿಯಲ್ಲಿ ಒಂದು ಪಂಕ್ತಿಗೆ ಮೂವತ್ತು ಲಕ್ಷ ಜನ ಕೂರಬಹುದೆಂದು ಟ್ಯಾಗ್ ತೋರಿಸಿತು. ಉಡುಪಿ ಜಿಲ್ಲೆಯವರೆಲ್ಲ ಬಂದರೂ ಎಲೆ ಉಳಿಯುತ್ತಿತ್ತು. ಅವಳ ನಗು ಕೇಳಿ ಪಕ್ಕದ ಕೋಣೆಯಿಂದ ಡೈನಾ ಎದ್ದು ಬಂದರು. ಆ ಭಾನುವಾರದ ನಂತರ ಅವಳು ನಕ್ಕದ್ದು ಅದೇ ಮೊದಲು.

ಈಗ ಉಳಿದದ್ದು, ಎಲೆ ಊಟಕ್ಕೆ ಒಬ್ಬನಿಗೆ ನಿಜವಾಗಿ ಎಷ್ಟು ಜಾಗ ಬೇಕು ಎಂಬ ಪ್ರಶ್ನೆ. ಪುಸ್ತಕದ ಅಳತೆಗಳು ತಟ್ಟೆ ಊಟದವು. ಅವಳು ಹಿಂಜರಿಯುತ್ತಲೇ ರಘುಪತಿ ಭಟ್ಟರಿಗೆ ಫೋನ್ ಮಾಡಿದಳು. ಅವರು ಕಾಪುವಿನಲ್ಲಿ ಒಂದು ಮದುವೆ ಉಂಟು, ಅಳತೆ ಟೇಪ್ ಹಿಡಿದುಕೊಂಡು ಬಾ ಎಂದರು.

ಹೋದವಳನ್ನು ಅವರು ಮೊದಲು ಅಳೆಯಲು ಬಿಡಲಿಲ್ಲ. “ಊಟ ಮಾಡದೆ ಅಳೆದ್ರೆ ನಿನಗೆ ಎಂತ ಗೊತ್ತಾಗ್ತದೆ? ಕೂತುಕೋ,” ಎಂದು ಎರಡನೆಯ ಪಂಕ್ತಿಯಲ್ಲಿ ಕೂರಿಸಿದರು. ಕೂತ ಮೇಲೆ ಬಹಳ ಗೊತ್ತಾಯಿತು. ಎಡಗಡೆಯ ಹೆಂಗಸಿನ ಮೊಣಕೈ ಅವಳ ಪಲ್ಯಕ್ಕೆ ತಾಗುತ್ತಿತ್ತು. ಹುಳಿಯ ಬಕೆಟ್ ಹಿಡಿದು ಅತ್ತಲಿಂದ ಬಂದವರಿಗೂ ಪಾಯಸ ಹಿಡಿದು ಇತ್ತಲಿಂದ ಬಂದವರಿಗೂ ನಡುವೆ ದಾರಿ ಸಾಲದೆ, ಒಬ್ಬರು ಹಿಂದೆ ಹಿಂದೆ ನಡೆದುಹೋಗಬೇಕಾಯಿತು. ಅವಳ ಕುರ್ಚಿಯ ಬೆನ್ನು ಹಿಡಿದು ಇಬ್ಬರು ಮುಂದಿನ ಪಂಕ್ತಿಗಾಗಿ ಕಾಯುತ್ತ, ಅವಳು ಮಜ್ಜಿಗೆಗೆ ಬಂದಳೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದರು.

ಊಟವಾದ ಮೇಲೆ ಇಬ್ಬರೂ ಸೇರಿ ಮೇಜಿನಿಂದ ಮೇಜಿಗೆ ಟೇಪ್ ಎಳೆದರು. ಬಡಿಸುವವರು ಇಬ್ಬರು ಎದುರಾದರೆ ದಾಟಿಕೊಳ್ಳುವಷ್ಟು ದಾರಿ ಬೇಕೇ ಬೇಕು ಎಂದು ಭಟ್ಟರು ಹಟ ಹಿಡಿದರು. ಕೈ ತೊಳೆಯಲು ಹೋಗುವವರ ಸಾಲಿಗೂ ಸ್ವಲ್ಪ ಜಾಗ ಕೇಳಿದರು. ಎಲ್ಲ ಕೂಡಿಸಿ ಹಂಚಿದಾಗ ಒಬ್ಬನಿಗೆ ಒಂದು ಚದರ ಮೀಟರಿಗಿಂತ ತುಸು ಹೆಚ್ಚೇ ಬಿತ್ತು. ಆ ಅಳತೆ ಸೂತ್ರದೊಳಗೆ ಹೋಯಿತು.

ಮತ್ತೆ ಅದೇ ಶಾಲೆ, ಅದೇ ಟಿವಿ. ಈ ಸಲ ಸುಂದರಣ್ಣ ಕೈಕಟ್ಟಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅಕ್ಷಿತಾ ಹೆಚ್ಚೇನೂ ವಿವರಿಸಲಿಲ್ಲ. ಗೋಡೆಯನ್ನು ಹಿಡಿದು ಒಂದಡಿ ಹಿಂದೆ ತಳ್ಳಿದಳು. ವಿಸ್ತೀರ್ಣವೂ ಇಳಿಯಿತು, ಕೆಳಗಿನ ಜನರ ಸಂಖ್ಯೆಯೂ ಇಳಿಯಿತು. ಮುಂದೆ ಎಳೆದಳು, ಎರಡೂ ಏರಿದವು. ಸುಂದರಣ್ಣ ಎದ್ದು ಮುಂದಿನ ಸಾಲಿಗೆ ಬಂದರು. ತಾನು ಹೇಳಿದಷ್ಟು ಸರಿಸಿ ನೋಡು ಎಂದರು. ನೋಡಿದರು. ಇನ್ನೊಮ್ಮೆ ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಇಡೀ ಸಮಿತಿ ಟಿವಿಯ ಸುತ್ತ ಸೇರಿ, ಕ್ರಿಕೆಟ್ ಸ್ಕೋರ್ ನೋಡುವವರಂತೆ ಒಂದೊಂದು ಅಡಿಗೂ ಸಂಖ್ಯೆ ಕೂಗತೊಡಗಿತು.

ಒಂದು ಕಡೆ ಗೋಡೆ ನಿಂತಾಗ ಟ್ಯಾಗಿನಲ್ಲಿ ಇನ್ನೂರ ಎಂಬತ್ತನಾಲ್ಕು ಪಾಯಿಂಟ್ ಆರು ಎಂದು ಬಂತು. ಸುಂದರಣ್ಣ ಕನ್ನಡಕ ಸರಿಮಾಡಿಕೊಂಡು ಓದಿದರು.

“ಎಲ್ಲ ಸರಿ. ಆ ಪಾಯಿಂಟ್ ಆರು ಯಾರು, ಮಾರಾಯ್ತಿ?”

“ನಾನೇ ಇರಬೇಕು,” ಎಂದರು ಕಡ್ಡಿಯಂತೆ ತೆಳ್ಳಗಿದ್ದ ಭಟ್ಟರು.

ಅಕ್ಷಿತಾಳಿಗೆ ತಡೆಯಲಾಗಲಿಲ್ಲ. ಮೇಜಿಗೆ ಹಣೆ ಹಚ್ಚಿ ನಕ್ಕಳು. ಅವಳ ನಗು ನೋಡಿ ಉಳಿದವರೂ ಶುರುಮಾಡಿದರು, ಕೊನೆಗೆ ಸುಂದರಣ್ಣನೂ. ನಗು ನಿಂತ ಮೇಲೆ ಅವಳು ಸೂತ್ರದಲ್ಲಿ ಒಂದು ಮಾತು ಸೇರಿಸಿದಳು: ಪೂರ್ತಿ ಮನುಷ್ಯರನ್ನು ಮಾತ್ರ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಆಮೇಲೆ ಮಾತು ಸುಲಭವಾಯಿತು. ಸುಂದರಣ್ಣ ವೇದಿಕೆಯಲ್ಲಿ ಒಂದೂವರೆ ಅಡಿ ಬಿಟ್ಟುಕೊಟ್ಟರು. ಯಾರೂ ಕೇಳಿದ್ದಲ್ಲ, ಬಿಟ್ಟರೆ ಎಷ್ಟು ಜನ ಹೆಚ್ಚಾಗುತ್ತಾರೆಂದು ತಾವೇ ನೋಡಿ ಬಿಟ್ಟದ್ದು. ಕೈ ತೊಳೆಯುವ ಜಾಗವನ್ನು ಹೊರಗಿನ ಜಗಲಿಗೆ ಹಾಕಬಹುದೆಂದು ಭಟ್ಟರು ಸೂಚಿಸಿದರು. ಹಾಗೆ ಮಾಡಿದಾಗ ಸಂಖ್ಯೆ ಮುನ್ನೂರು ದಾಟಿತು, ಸಭೆ ಚಪ್ಪಾಳೆ ತಟ್ಟಿತು.

ಭವನ ಎದ್ದು ನಿಂತಿತು. ಉದ್ಘಾಟನೆಗೆ ಅಕ್ಷಿತಾ ತಾಯಿಯನ್ನೂ ಕರೆದುಕೊಂಡು ಹೋದಳು. ಕುಶಲಾ ಗೋಡೆಗಳನ್ನು ಬಟ್ಟೆ ಮುಟ್ಟಿ ನೋಡುವವರಂತೆ ಮುಟ್ಟಿ ನೋಡಿ, ಒಳ್ಳೆಯ ಫಿಟ್ಟಿಂಗ್ ಎಂದರು. ಮೊದಲ ಪಂಕ್ತಿಯಲ್ಲಿ ಬಕೆಟ್ ಹಿಡಿದವರು ಎದುರುಬದುರಾಗಿ ಸಲೀಸಾಗಿ ದಾಟಿಕೊಂಡರು. ಸಂಜೆಯ ನಾಟಕದಲ್ಲಿ ಸುಂದರಣ್ಣ ರಾಜನ ಪಾತ್ರ ಮಾಡಿದರು. ಕೋಪದಿಂದ ತಿರುಗುವಾಗ ಅವರ ಕತ್ತಿ ಹಿಂದಿನ ಪರದೆಗೆ ಸಿಕ್ಕಿಕೊಂಡಿತು. ಕತ್ತಿಯನ್ನು ಎಳೆದು ತೆಗೆದು, ಒಂದೂವರೆ ಅಡಿ ಹೋಯಿತಲ್ಲ ಎಂಬಂತೆ ಅಕ್ಷಿತಾ ಕುಳಿತ ಕಡೆಗೆ ನೋಡಿ, ಮಾತು ಮುಂದುವರಿಸಿದರು.

ಇತ್ತೀಚೆಗೆ ಹೆಜಮಾಡಿಯ ಮೀನುಗಾರರು ಡೈನಾ ಅವರಿಗೆ ಫೋನ್ ಮಾಡಿದ್ದರು. ಬಲೆ ರಿಪೇರಿ ಮಾಡಲು ಒಂದು ಶೆಡ್ ಬೇಕಂತೆ, ಒಂದೇ ಸಲಕ್ಕೆ ಎಷ್ಟು ಬಲೆ ಹರಡಬಹುದೆಂದು ನಕ್ಷೆಯಲ್ಲಿಯೇ ಕಾಣಬೇಕಂತೆ. ಡೈನಾ ಫೋನನ್ನು ಅಕ್ಷಿತಾಳ ಕೈಗೆ ಕೊಟ್ಟರು. ಒಂದು ಬಲೆಗೆ ಎಷ್ಟು ಜಾಗ ಬೇಕು ಎಂದು ಅವಳು ಕೇಳಿದಳು. ಅದನ್ನು ಫೋನಿನಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ, ಬಂದು ನೋಡಿ ಎಂದಿತು ಆ ಕಡೆಯ ದನಿ. ಮರುದಿನ ಬೆಳಿಗ್ಗೆ ಅವಳು ಮಣಿಪಾಲದ ಬಸ್ಸನ್ನು ಬಿಟ್ಟು, ಟೇಪನ್ನು ಚೀಲಕ್ಕೆ ಹಾಕಿಕೊಂಡು ಹೆಜಮಾಡಿಯ ಕಡೆಗೆ ಹೊರಟಳು.