ಲಗಮವ್ವ ಬಿಟ್ಟ ಚುಕ್ಕೆ

ಬನಹಟ್ಟಿಯ ಧರೆಪ್ಪನಿಗೆ ಬುದ್ಧಿ ಇತ್ತು, ವ್ಯವಹಾರ ಗೊತ್ತಿರಲಿಲ್ಲ ಎಂದು ಇವತ್ತಿಗೂ ಹೇಳುವವರಿದ್ದಾರೆ. ಹಾಗೆ ಹೇಳುವವರೆಲ್ಲ ಅವನಿಂದ ಪುಕ್ಕಟೆ ಫ್ಲಾಪಿ ಒಯ್ದವರೇ. ನಾನು ಹದಿನಾಲ್ಕು ವರ್ಷ ಅವನ ಪಕ್ಕದ ಮೇಜಿನಲ್ಲಿ ಕೂತವನು. ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ನಮ್ಮ ನೇಕಾರರ ಸಂಘದಲ್ಲಿ ಅವನು ನಕ್ಷೆ ಬರೆಯುತ್ತಿದ್ದ. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಯಾವ ಎಳೆ ಮೇಲೆ ಏಳಬೇಕು, ಯಾವುದು ಕೆಳಗೆ ಕೂರಬೇಕು ಎಂದು ಚೌಕಳಿ ಹಾಳೆಯ ಮೇಲೆ ಒಂದೊಂದೇ ಚುಕ್ಕೆ ಇಡುವ ಕೆಲಸ. ಒಂದು ದಡಿಗೆ ಎಂಟು ದಿನ ಹಿಡಿಯುತ್ತಿತ್ತು. ಈ ಲೆಕ್ಕ ಕಲಿಸಿದ್ದು ಶಾಲೆಯಲ್ಲ, ಅವನ ತಾಯಿ ಲಗಮವ್ವ. ಆಕೆಗೆ ಅಕ್ಷರ ಬಾರದು, ಎಲ್ಲಿ ಸಹಿ ಕೇಳಿದರೂ ಹೆಬ್ಬೆಟ್ಟು. ಆದರೆ ಮಗ್ಗದ ಮುಂದೆ ಕೂತರೆ ನಾಲ್ಕುನೂರು ಎಳೆಯ ಲೆಕ್ಕ ತಪ್ಪುತ್ತಿರಲಿಲ್ಲ. ಆಕೆಯದೊಂದು ಪದ್ಧತಿ: ದಡಿಯ ಕಟ್ಟಕಡೆಯ ಹೂವಿನಲ್ಲಿ ಒಂದು ಚುಕ್ಕೆ ಬೇಕೆಂದೇ ಬಿಡುವುದು. "ಪೂರಾ ಛಂದ ಆದ್ರ ನೆದರ ಆಕೈತಿ" ಎನ್ನುತ್ತಿದ್ದಳು. ಕೂಸಿನ ಗಲ್ಲಕ್ಕೆ ದೃಷ್ಟಿಬೊಟ್ಟು ಇಟ್ಟ ಹಾಗೆ.

ತೊಂಬತ್ತೆರಡರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂತು. ನಾವೆಲ್ಲ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ದೂರ ನಿಂತೆವು. ಧರೆಪ್ಪ ಮಾತ್ರ ಎರಡು ವರ್ಷ ಅದರ ಮುಂದೆ ಕೂತು ತಾಯಿಯ ಲೆಕ್ಕವನ್ನೆಲ್ಲ ಅದಕ್ಕೆ ಕಲಿಸಿದ. ಹೂವಿನ ಅಳತೆ, ಎಳೆಯ ಸಂಖ್ಯೆ ಕೊಟ್ಟರೆ ಎಂಟು ದಿನದ ನಕ್ಷೆ ಕಾಲು ಗಂಟೆಯಲ್ಲಿ ಪ್ರಿಂಟರಿನಿಂದ ಹೊರಬೀಳುತ್ತಿತ್ತು. ಕೊನೆಗೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ‘ಆತು’ ಎಂದು ಮೂಡುತ್ತಿತ್ತು. ಶುರುವಿನಲ್ಲಿ ಒಂದು ಸಾಲು: ‘ಲೆಕ್ಕ ಕಲಿಸಿದಾಕಿ ಲಗಮವ್ವ’. ತನ್ನ ಹೆಸರನ್ನು ಎಲ್ಲೂ ಹಾಕಿಕೊಂಡಿರಲಿಲ್ಲ.

ತೇರದಾಳದವರು ಬರಲಿ, ರಬಕವಿಯವರು ಬರಲಿ, ಫ್ಲಾಪಿ ತಂದವರಿಗೆಲ್ಲ ತುಂಬಿಕೊಟ್ಟ, ಮೇಲೆ ಚಹಾನೂ ಕುಡಿಸಿದ. ಒಳಗೆ ಬರೆದದ್ದನ್ನೂ ಮುಚ್ಚಿಡಲಿಲ್ಲ. "ರೊಕ್ಕ ಬ್ಯಾಡ್ರಿ. ಬೇಕಾದಂಗ ತಿದ್ದಿಕೊಳ್ರಿ, ಬೇಕಾದವ್ರಿಗೆ ಕೊಡ್ರಿ. ನಮ್ಮವ್ವನ ಹೆಸರೊಂದು ಅಳಸಬ್ಯಾಡ್ರಿ." ಇಷ್ಟೇ ಅವನ ಕರಾರು. ದಿನಾ ಸಂಜೆ ಲಗಮವ್ವ ಕೇಳುತ್ತಿದ್ದಳು: "ಇವತ್ತ ನನ್ನ ಹೆಸರು ಯಾವ ಊರಿಗೆ ಹೋತೋ?" ಅವನು ಊರಿನ ಹೆಸರು ಹೇಳುತ್ತಿದ್ದ. ಆ ಮುದುಕಿ ಜಮಖಂಡಿ ದಾಟಿದವಳಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ದೊಡ್ಡ ಊರಿನ ಕಂಪನಿಯೊಂದು ನಮ್ಮ ಸಂಘದಲ್ಲೇ ಪ್ರದರ್ಶನ ಇಟ್ಟಿತು. ನೇಕಾರರ ಬದುಕು ಬದಲಿಸುವ ಹೊಸ ಸಾಫ್ಟ್‌ವೇರ್ ಅಂತೆ. ಬೆಲೆ ನಲವತ್ತು ಸಾವಿರ. ಲಗಮವ್ವನೂ ಹಟ ಮಾಡಿ ಬಂದು ಮಗನ ಪಕ್ಕ ಕೂತಳು. "ನಕ್ಷಿ ಬರಿಯೂ ಪೆಟಿಗಿ ಅಂದಮ್ಯಾಲ ನನ್ನ ಹೆಸರು ಇರಬೇಕಲಾ?" ಎಂಬುದು ಆಕೆಯ ವಾದ.

ಆ ಬಿಸಿಲಿನಲ್ಲೂ ಟೈ ಬಿಗಿದುಕೊಂಡಿದ್ದ ಕಂಪನಿಯವನು "ಇದು ನಮ್ಮ ತಜ್ಞರ ಮೂರು ವರ್ಷಗಳ ಪರಿಶ್ರಮ" ಎಂದು ಗುಂಡಿ ಒತ್ತಿದ. ಅವೇ ಪ್ರಶ್ನೆಗಳು, ಅದೇ ಹೂವು. ಲಗಮವ್ವನ ಹೆಸರಿದ್ದ ಜಾಗದಲ್ಲಿ ಕಂಪನಿಯ ಗುರುತು ಗರಗರ ತಿರುಗುತ್ತಿತ್ತು. ‘ಆತು’ ಹೋಗಿ ‘ಪೂರ್ಣಗೊಂಡಿದೆ’ ಬಂದಿತ್ತು. ತಜ್ಞರು ಮೂರು ವರ್ಷ ಬೆವರು ಸುರಿಸಿದ್ದು ಇಷ್ಟಕ್ಕೆ! ಡಬ್ಬಿಯ ಮೇಲೆ ಕೆಂಪಗೆ ‘ನಕಲು ಮಾಡುವುದು ಶಿಕ್ಷಾರ್ಹ ಅಪರಾಧ’ ಎಂದು ಬೇರೆ ಅಚ್ಚು ಹಾಕಿಸಿದ್ದರು. ನಾಚಿಕೆಗೆಟ್ಟವರು.

ಧರೆಪ್ಪ ಎದ್ದು ನಿಂತ. "ಸಾಹೇಬ್ರ, ಇದನ್ನ ಬರದಾಂವ ನಾನರಿ."

"ನಿಮ್ಮದಾದರೆ ಒಂದು ಹೆಸರೋ ಸಹಿಯೋ ಇರಬೇಕಲ್ಲ? ತೋರಿಸಿ ನೋಡೋಣ" ಎಂದು ಅವನು ನಕ್ಕ.

ಅಳಿಸಿದವನೇ ಕೇಳುವ ಮಾತು ನೋಡಿ! ಧರೆಪ್ಪ ಸುತ್ತ ಕೂತವರತ್ತ ತಿರುಗಿದ. ಅವನ ಚಹಾ ಕುಡಿದು ಫ್ಲಾಪಿ ಒಯ್ದಿದ್ದ ಮಹಾನುಭಾವರು ಅಲ್ಲೇ ಇಪ್ಪತ್ತು ಮಂದಿ ಕೂತಿದ್ದರು. ಎಲ್ಲರೂ ಫ್ಯಾನು ನೋಡತೊಡಗಿದರು. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ. ನಾನೂ ಆಗ ಬಾಯಿ ಬಿಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಲಗಮವ್ವ ಮಗನ ಅಂಗಿ ಜಗ್ಗಿದಳು. "ನನ್ನ ಹೆಸರು ಬಂತೇನೋ?"

ಆಕೆಗೆ ಓದಲು ಬಾರದು. ಹ್ಞೂಂ ಅಂದಿದ್ದರೆ ಮುದುಕಿ ಸಂತೋಷದಿಂದ ಮನೆಗೆ ಹೋಗುತ್ತಿದ್ದಳು. ಧರೆಪ್ಪ ತಲೆ ತಗ್ಗಿಸಿ ಕೂತ.

ಅಷ್ಟರಲ್ಲಿ ಅಚ್ಚಾದ ನಕ್ಷೆ ಕೈಯಿಂದ ಕೈಗೆ ಬಂತು. ಲಗಮವ್ವ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಹೂವಿನಿಂದ ಹೂವಿಗೆ ಬೆರಳು ಆಡಿಸುತ್ತ ಕೊನೆಯದಕ್ಕೆ ಬಂದು, ಒಂದು ಚುಕ್ಕೆ ಬಿಟ್ಟುಹೋದ ಜಾಗದಲ್ಲಿ ನಿಂತಳು. "ಬಂದೈತಲ್ಲೋ!" ಎಂದವಳೇ ಎದ್ದು ಹೋಗಿ, ಅಲ್ಲೇ ಬೆರಳಿಟ್ಟು ಹಾಳೆಯನ್ನು ಕಂಪನಿಯವನ ಮೂಗಿನ ಮುಂದೆ ಹಿಡಿದಳು.

"ಓ, ಅದಾ ಅಜ್ಜಿ?" ಎಂದು ಅವನು ಹುಳ್ಳಗೆ ನಕ್ಕ. "ಅದೊಂದು ತಪ್ಪು ಉಳಿದುಬಿಟ್ಟಿದೆ. ಎಲ್ಲ ಕಡೆಯಿಂದ ದೂರು ಬಂದಿದೆ. ಒಳಗೆ ಎಲ್ಲಿದೆ ಅಂತ ನಮ್ಮವರಿಗೆ ಸಿಗುತ್ತಿಲ್ಲ."

ಹೇಗೆ ಸಿಗಬೇಕು? ಹೆಸರು ಅಳಿಸಲು ಓದು ಬಂದರೆ ಸಾಕು. ಬಿಟ್ಟ ಚುಕ್ಕೆ ತುಂಬಲು ನೇಯ್ಗೆ ಬರಬೇಕು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಸಭೆಯೇ ನಕ್ಕಿತು.

ಲಗಮವ್ವ ಮಾತ್ರ ನಗಲಿಲ್ಲ. "ತಪ್ಪಲ್ಲೋ ತಮ್ಮಾ" ಎಂದಳು. "ಈಗ ಸಹಿ ಕೇಳಿದೆಲ್ಲಾ, ಅದು ನನ್ನ ಹೆಬ್ಬೆಟ್ಟು."