ನೆಟ್ಟಗೆ ಕತ್ತರಿಸಿದ ಹಾಳೆಗಳು

ನಮ್ಮ ಪ್ರಾರ್ಥನಾ ಸಭೆಗೆ ವಾರ ತಪ್ಪದೆ ಬರುವ ಸೋದರಿಯೊಬ್ಬರಿದ್ದಾರೆ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಅವರ ಉದ್ಯೋಗ. ಹರಿದ ಹಾಸುಬಟ್ಟೆ, ಅಂಚು ಬಿಚ್ಚಿದ ದಿಂಬಿನ ಚೀಲ, ಗುಂಡಿ ಕಳಚಿದ ರೋಗಿಗಳ ಅಂಗಿ, ಇವನ್ನೆಲ್ಲ ಹೊಲಿದು ವಾರ್ಡಿಗೆ ಹಿಂದಿರುಗಿಸುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದಾರೆ. ಮನೆಗೆ ಬಂದ ಮೇಲೆ ಪುಸ್ತಕ ಮಾಡುತ್ತಾರೆ. ಮುಚ್ಚಿಹೋದ ಅಚ್ಚುಕೂಟವೊಂದರ ಕೈಯಂತ್ರ ಅವರ ಮುಂದಿನ ಕೋಣೆಯಲ್ಲಿದೆ. ಒಂದೊಂದೇ ಅಚ್ಚುಮೊಳೆ ಜೋಡಿಸಿ, ಮಸಿ ಹಚ್ಚಿ, ಹಾಳೆ ಒತ್ತಿ, ಮಡಚಿ, ಹೊಲಿದು, ರಟ್ಟು ಕಟ್ಟಿ, ವರ್ಷಕ್ಕೊಂದೋ ಎರಡೋ ಪುಸ್ತಕ. ಬೇರೆ ಯಾರೂ ಅಚ್ಚು ಹಾಕದವರ ಮಾತುಗಳೇ ಅವರಿಗೆ ಬೇಕು. ಬೀದಿಯವರು ಅವರನ್ನು ‘ಪುಸ್ತಕದಮ್ಮ’ ಎನ್ನುತ್ತಾರೆ. ಆ ಹೆಸರನ್ನು ಮೊದಲು ಇಟ್ಟವಳು ಅವರ ಮಗಳು, ಇಟ್ಟದ್ದು ಪ್ರೀತಿಯಿಂದಲ್ಲ.

ಮಗಳು ಮಕ್ಕಳಿಗೆ ಮನೆಯಲ್ಲೇ ಲೆಕ್ಕದ ಪಾಠ ಹೇಳುವವಳು. ಹನ್ನೆರಡು ಮಕ್ಕಳನ್ನು ಅಡುಗೆಮನೆಯ ಪಕ್ಕದ ಇಕ್ಕಟ್ಟಿನ ಜಾಗದಲ್ಲಿ ಕೂರಿಸಿಕೊಂಡು ಅವಳಿಗೆ ಸಾಕಾಗಿತ್ತು. ಮುಂದಿನ ಕೋಣೆ ತನಗೆ ಬೇಕೆಂದು ಅವಳ ಹಟ. ಸೋದರಿಯ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬಹಳ ಸಜ್ಜನರು, ಬಹಳ ಅಚ್ಚುಕಟ್ಟು. ಮನೆಯ ಡಬ್ಬಿಗಳಿಗೂ ನಂಬರ್ ಅಂಟಿಸಿದವರು. ಮಡದಿಯ ಪುಸ್ತಕಗಳಲ್ಲಿ ಒಂದನ್ನೂ ಅವರು ಓದಿಲ್ಲವೆಂಬುದನ್ನು ಅವರೇ ನನಗೆ ನಾಚಿಕೆಯಿಲ್ಲದೆ ಹೇಳಿದ್ದಾರೆ.

ಈ ಬಾರಿಯ ಪುಸ್ತಕ ಆಸ್ಪತ್ರೆಯ ಆಯಮ್ಮನದು. ಮೂವತ್ತು ವರ್ಷ ರೋಗಿಗಳ ಪಕ್ಕದಲ್ಲಿ ಕುಳಿತು ಅವರ ಆಸೆಗಳನ್ನು ಕೇಳಿಸಿಕೊಂಡ ಆಕೆ ಒಂದನ್ನೂ ಮರೆತಿರಲಿಲ್ಲ. ಒಬ್ಬ ಚಮ್ಮಾರನಿಗೆ ತನ್ನ ಅಂಗಡಿಯ ಅಂಟಿನ ವಾಸನೆ ಬೇಕಾಗಿತ್ತಂತೆ. ಒಬ್ಬ ಮುದುಕಿಗೆ ಯಾರಾದರೂ ತನ್ನನ್ನು ಗದರಿಸಬೇಕಾಗಿತ್ತಂತೆ, ಎಲ್ಲರೂ ಮೆತ್ತಗೆ ಮಾತಾಡಿ ಮಾತಾಡಿ ಅವಳಿಗೆ ಭಯವಾಗಿತ್ತಂತೆ. ಆಯಮ್ಮನಿಗೆ ಓದು ಬರಹ ಬಾರದು. ಆಕೆ ಹೇಳಿದಳು, ನಮ್ಮ ಸೋದರಿ ಬರೆದುಕೊಂಡರು. ಆ ಶನಿವಾರ ಆಯಮ್ಮನ ನಿವೃತ್ತಿ. ಅಂದು ಆಕೆಯ ಕೈಯಲ್ಲಿ ಪುಸ್ತಕವಿಡುವುದಾಗಿ ಇವರು ಮಾತು ಕೊಟ್ಟಿದ್ದರು.

“ನಲವತ್ತು ಪ್ರತಿ ಯಾರಿಗಮ್ಮ? ನಮ್ಮ ಬೀದೀಲಿ ಓದೋರು ನಾಲ್ಕು ಜನ ಇಲ್ಲ,” ಎಂದಳು ಮಗಳು.

“ನಾಲ್ಕು ಜನ ಓದ್ಲಿ. ಮಿಕ್ಕಿದ್ದು ಕಾಯ್ತವೆ. ಪುಸ್ತಕಕ್ಕೇನು ಹೊಟ್ಟೆ ಹಸಿಯುತ್ತಾ?”

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಯಜಮಾನರು ತೀರ್ಪು ಕೊಟ್ಟರು: “ಶನಿವಾರ ಸಂಜೆಯೊಳಗೆ ನಲವತ್ತೂ ಮುಗಿದ್ರೆ ಯಂತ್ರ ಇರ್ಲಿ. ಒಂದು ಕಮ್ಮಿಯಾದ್ರೂ ಗುಜರಿಗೆ. ಒಪ್ಪಿಗೆನಾ?”

ಅಚ್ಚಿನ ಕೆಲಸ ಮುಗಿದಿತ್ತು, ಮಡಚಿ ಹೊಲಿಯುವುದಷ್ಟೇ ಬಾಕಿ. ಆ ಧೈರ್ಯದಲ್ಲಿ ಇವರು “ಆಗ್ಲಿ ರೀ” ಎಂದುಬಿಟ್ಟರು.

ಸೋಮವಾರ ಯಜಮಾನರಿಗೆ ರಜೆ. ಮಡದಿ ಆಸ್ಪತ್ರೆಗೆ ಹೋದ ಮೇಲೆ ಅವರು ಮುಂದಿನ ಕೋಣೆಗೆ ಹೋಗಿ ಒಣಗಿದ ಹಾಳೆಗಳನ್ನು ನೋಡಿದರು. ದೊಡ್ಡ ಹಾಳೆಯ ಒಂದೊಂದು ಮುಖದಲ್ಲಿ ನಾಲ್ಕು ಪುಟ. ಒಂದನೆಯ ಪುಟದ ಪಕ್ಕದಲ್ಲಿ ಎಂಟನೆಯದು. ಅವುಗಳ ಮೇಲೆ ನಾಲ್ಕು, ಐದು ತಲೆಕೆಳಗಾಗಿ ನಿಂತಿದ್ದವು. ಆ ಅಚ್ಚುಕಟ್ಟಿನ ಮನುಷ್ಯರಿಗೆ ಅದೆಲ್ಲ ತಪ್ಪು ಅಚ್ಚೆಂದೇ ಕಂಡಿತು. ಕರಾರು ಹಾಕಿದ್ದರೇನಂತೆ, ಹೆಂಡತಿಯ ಕೆಲಸ ಹೀಗೆ ಕೆಟ್ಟದ್ದನ್ನು ಕಂಡು ಸುಮ್ಮನಿರಲಾದೀತೇ? ಉಕ್ಕಿನ ಅಳತೆಪಟ್ಟಿ, ಹರಿತವಾದ ಚಾಕು ತಂದರು. ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಗ್ಗಿಸಿ ಅಷ್ಟೂ ಹಾಳೆಗಳನ್ನು ಬಿಡಿಬಿಡಿಯಾಗಿ ಕತ್ತರಿಸಿದರು.

ಮಡದಿ ಬಂದೊಡನೆ ಕರೆದರು: “ಬಾ, ನೋಡು. ಪುಟಗಳೆಲ್ಲ ಅಡ್ಡಾದಿಡ್ಡಿ ಅಚ್ಚಾಗಿದ್ವು. ಪಾಪ, ನಿನಗೆ ಕಣ್ಣು ಮಂಜಾಗಿರ್ಬೇಕು ಅಂದ್ಕೊಂಡೆ. ಎಲ್ಲಾ ಕತ್ತರಿಸಿ ನಂಬರ್ ಪ್ರಕಾರ ಇಟ್ಟಿದ್ದೀನಿ.”

ಸೋದರಿ ಚೀಲವನ್ನು ಕೆಳಗಿಡಲಿಲ್ಲ. ಹಳೆಯ ಪತ್ರಿಕೆಯ ಹಾಳೆಯೊಂದನ್ನು ಎಳೆದುಕೊಂಡು, ಅದೇ ಕ್ರಮದಲ್ಲಿ ಎರಡು ಮುಖಕ್ಕೂ ಅಂಕಿ ಬರೆದು, ಎರಡು ಸಲ ಮಡಚಿ ಗಂಡನ ಕೈಗಿತ್ತರು. ಅಂಚು ಬಿಡಿಸಿ ನೋಡಿದರೆ ಒಂದು, ಎರಡು, ಮೂರು, ನಾಲ್ಕು, ಸಾಲಾಗಿ. ದಾರ ಹಾಯುವುದು ಆ ಮಡಿಕೆಯ ಬೆನ್ನಿನಲ್ಲಿ. ಮಡಿಕೆ ಹೋದರೆ ಸೂಜಿಗೆ ಹಿಡಿತವೇ ಇಲ್ಲ.

ಯಜಮಾನರು ಅದನ್ನು ಬಿಡಿಸಿ ಮತ್ತೆ ಮಡಚಿ ನೋಡಿದರು. “ಮೊದಲೇ ಹೇಳ್ಬಾರದಾ?”

“ಹದಿನಾಲ್ಕು ವರ್ಷದಿಂದ ಇದೇ ಕೋಣೇಲಿ ಮಡಚ್ತಾ ಇದ್ದೀನಿ. ಒಂದ್ಸಲ ಬಾಗಿಲಲ್ಲಿ ನಿಂತು ಇಣುಕಿದ್ರೆ ಕಾಣ್ತಿತ್ತು.”

ಆ ಮಾತು ನನ್ನನ್ನೂ ಚುಚ್ಚಿತು, ಪ್ರಿಯರೇ. ನಮ್ಮ ನಮ್ಮ ಮನೆಗಳಲ್ಲಿ ನಾವು ಇಣುಕದ ಬಾಗಿಲುಗಳೆಷ್ಟು!

ಮತ್ತೆ ಅಚ್ಚು ಹಾಕುವಂತಿರಲಿಲ್ಲ. ಅಚ್ಚುಮೊಳೆಗಳನ್ನು ಬಿಚ್ಚಿ ಪೆಟ್ಟಿಗೆಯ ಖಾನೆಗಳಿಗೆ ಹಂಚಿಯಾಗಿತ್ತು. “ಗೋಂದು ಬಳಿದು ಮುಗಿಸಮ್ಮ, ಯಾರು ನೋಡ್ತಾರೆ?” ಎಂದಳು ಮಗಳು.

“ಗೋಂದು ಎರಡು ಬೇಸಿಗೆ ತಡೆಯುತ್ತೆ. ಆಮೇಲೆ ಹಾಳೆ ಉದುರುತ್ತೆ. ಆಯಮ್ಮ ಮೂವತ್ತು ವರ್ಷ ಬೀಳಿಸದೆ ಹಿಡ್ಕೊಂಡಿದ್ದನ್ನ ನಾನು ಬೀಳಿಸ್ಲಾ?”

ಅಂದು ಅವರು ಅತ್ತರೋ ಇಲ್ಲವೋ ನಾನು ಕೇಳಲಿಲ್ಲ. ಮರುದಿನ ಬಟ್ಟೆ ಕೋಣೆಯಲ್ಲಿ ನಡುವೆ ಸೀಳಿದ ಹಾಸುಬಟ್ಟೆಯೊಂದು ಕೈಗೆ ಬಂತು. ಎರಡು ಅಂಚನ್ನೂ ಜೋಡಿಸಿ ಹಿಡಿದು ಸುತ್ತುಹೊಲಿಗೆ ಹಾಕುತ್ತಿದ್ದಾಗ ಅವರ ಕೈ ನಿಂತಿತು. ನಾಲ್ಕು ನಾಲ್ಕು ಬಿಡಿ ಹಾಳೆಗಳನ್ನು ಹೀಗೆಯೇ ಅಂಚಿನಲ್ಲಿ ಸುತ್ತಿ ಹೊಲಿದರೆ ಒಂದೊಂದು ಕಟ್ಟಾಗುತ್ತದೆ. ಎಂಟು ಕಟ್ಟುಗಳನ್ನು ಒಂದಕ್ಕೊಂದು ಹೊಲಿದರೆ ಪುಸ್ತಕವಾಗುತ್ತದೆ. ಹಾಳೆಯ ಅಂಚು ಅದಕ್ಕೆ ಕೂದಲೆಳೆಯಷ್ಟೂ ಡೊಂಕಿರಬಾರದು.

ಮನೆಗೆ ಬಂದು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು. “ಏನ್ರೀ, ತಪ್ಪನ್ನೂ ಇಷ್ಟು ನೆಟ್ಟಗೆ ಮಾಡಿದ್ದೀರಲ್ಲ!” ಎಂದು ಆ ವಾರದಲ್ಲಿ ಮೊದಲ ಬಾರಿಗೆ ನಕ್ಕರು.

ಮೂರು ದಿನ ರಜೆ ಹಾಕಿ ಕುಳಿತರು. ಯಜಮಾನರು ತೆಳು ಮೊನೆಯ ಡ್ರಿಲ್ ತಂದು ಕಟ್ಟುಗಳಿಗೆ ಸಮನಾಗಿ ತೂತು ಕೊರೆದುಕೊಟ್ಟರು. “ಪುಸ್ತಕಕ್ಕೆ ಅಂತ ತಿಳ್ಕೋಬೇಡ. ನಾನು ಕೆಡಿಸಿದ್ದಕ್ಕೆ,” ಎಂದೂ ಸೇರಿಸಿದರು. ಕರಾರು ಮಾತ್ರ ಹಾಗೆಯೇ ಇತ್ತು, ಸಡಿಲಿಸಿರೆಂದು ಇವರೂ ಕೇಳಲಿಲ್ಲ.

ಶನಿವಾರ ಮಧ್ಯಾಹ್ನಕ್ಕೆ ಮುಗಿದದ್ದು ಹನ್ನೊಂದು.

ಅವುಗಳಲ್ಲಿ ಒಂದನ್ನು ವಾರ್ಡಿನ ಬಾಗಿಲಲ್ಲೇ ಆಯಮ್ಮನ ಕೈಗಿತ್ತರು. ಆಕೆ ಪುಟಗಳ ಗೊಡವೆಗೆ ಹೋಗದೆ ಪುಸ್ತಕವನ್ನು ಅಗಲಿಸಿ ಒಳಗಿನ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದಳು. “ಅಕ್ಕಾ, ಇದು ನಮ್ಮ ಹಾಸುಬಟ್ಟೆ ಹೊಲಿಗೆ ಅಲ್ವಾ?” ಎಂದು ಕೇಳಿ, ಎರಡು ಕೈಯಲ್ಲೂ ಹಿಡಿದು ಜಗ್ಗಿದಳು. ದಾರ ಮಿಸುಕಲಿಲ್ಲ. “ಹಾಂ, ಇದು ನಾನು ಹೋದ್ಮೇಲೂ ಇರುತ್ತೆ. ಎಲ್ಲಿ, ಆ ಚಮ್ಮಾರಂದು ಓದು.” ಅಲ್ಲೇ ನಿಂತು ಓದಿದರು. ಡ್ಯೂಟಿ ನರ್ಸ್ ಎರಡು ಸಲ ಕರೆದರೂ ಆಯಮ್ಮ ಅಲುಗಲಿಲ್ಲ.

ಸಂಜೆ ಮನೆಯಲ್ಲಿ ಯಜಮಾನರು ಉಳಿದ ಹತ್ತನ್ನು ಎಣಿಸಿ ಆಯಮ್ಮನದನ್ನೂ ಸೇರಿಸಿದರು. “ಹನ್ನೊಂದು.”

“ಹೌದು. ಸೋತಿದ್ದೀನಿ. ನೀವು ಕತ್ತರಿಸಿದ್ರಿ ಅಂತ ನೆಪ ಹೇಳೋಲ್ಲ. ಆದ್ರೆ ಯಂತ್ರ ಕದಲೋಲ್ಲ. ಆ ಕರಾರಿಗೆ ಹೂಂ ಅಂದಿದ್ದೇ ನನ್ನ ತಪ್ಪು. ದೇವರು ಕೊಟ್ಟ ಕೆಲಸ, ಅದನ್ನ ಪಣಕ್ಕಿಡೋಕೆ ನಾನ್ಯಾರು?”

ಕೊಟ್ಟ ಮಾತಿಗೆ ತಪ್ಪಬಾರದೆಂದು ಎಷ್ಟೋ ಸಲ ಬೋಧಿಸಿದವನು ನಾನು. ಇದನ್ನು ಕೇಳಿ ಒಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೂ ಹೇಳುತ್ತೇನೆ: ದೇವರು ನಮ್ಮ ಕೈಗೆ ಕೆಲಸ ಕೊಟ್ಟು ಕಳುಹಿಸುವಾಗ ಮನೆಯವರ ಒಪ್ಪಿಗೆ ಪತ್ರವನ್ನು ಲಗತ್ತಿಸಿ ಕಳುಹಿಸುವುದಿಲ್ಲ. ಚಪ್ಪಾಳೆಗಾಗಿ ಕಾಯುವವರು ಕಾಯುತ್ತಲೇ ಮುದುಕರಾಗುತ್ತಾರೆ.

ಭಾನುವಾರ ಬೆಳಿಗ್ಗೆ ಗುಜರಿಯವನು ಗಾಡಿ ತಂದು ನಿಲ್ಲಿಸಿದ. ಮಗಳು ಮೊದಲೇ ಹೇಳಿಟ್ಟಿದ್ದಳು. ಸೋದರಿ ಯಂತ್ರಕ್ಕೆ ಬೆನ್ನು ಆನಿಸಿ ಕುಳಿತು ಹನ್ನೆರಡನೆಯದನ್ನು ಹೊಲಿಯುತ್ತಿದ್ದರು.

“ಎಷ್ಟು ತೂಕ ಬರುತ್ತಮ್ಮಾ ಇದು?”

“ನನ್ನನ್ನೂ ಸೇರಿಸಿ ತೂಗಬೇಕಾಗುತ್ತಪ್ಪಾ.”

ಅವನು ಯಜಮಾನರ ಮುಖ ನೋಡಿದ. ಅವರು ಗಾಡಿಯ ಹಿಡಿಯನ್ನು ಬೀದಿಯ ಕಡೆ ತಿರುಗಿಸಿ, “ಇವತ್ತೇನೂ ಇಲ್ಲ, ಹೋಗಿ ಬನ್ನಿ,” ಎಂದರು.

“ಮತ್ತೆ ನನ್ನ ಪಾಠ?” ಮಗಳ ಕಣ್ಣಲ್ಲಿ ನೀರು.

“ಅರ್ಧ ಕೋಣೆ ನಿಂದು,” ಎಂದರು ಸೋದರಿ. “ನಾಳೆನೇ ಬೆಂಚು ಹಾಕ್ಕೋ.”

“ಆ ಯಂತ್ರದ ಸದ್ದಿಗೆ ಮಕ್ಕಳಿಗೆ ಲೆಕ್ಕ ತಪ್ಪುತ್ತೆ!”

“ತಪ್ಪಿದ್ರೆ ಇನ್ನೊಂದ್ಸಲ ಮಾಡ್ಲಿ,” ಎಂದರು ತಾಯಿ, ಸೂಜಿಯಿಂದ ಕಣ್ಣೆತ್ತದೆ. “ನಾನು ಮಾಡ್ತಾ ಇಲ್ವಾ?”